ಬರಿಗಾಲು, ಹಾವುಗೆ, ಕೆರ: ಪಾದದ ಆರೋಗ್ಯದ ಒಂದು ಚರಿತ್ರೆ

ಕಾಲಿಗೆ ತೊಡುವ ವಸ್ತುವಿಗೆ ಕನ್ನಡದಲ್ಲಿರುವ ಹೆಸರುಗಳು ಹಲವು. ಕೆರ, ಕೆರಹು, ಮೆಟ್ಟು, ಎಕ್ಕಡ, ಜೋಡು, ಹಾವುಗೆ, ಚಮ್ಮಾವುಗೆ, ಚಪ್ಪಲಿ, ಬೂಟು ಇವೆಲ್ಲ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಿಂದ ನಮ್ಮ ನುಡಿಯನ್ನು ಸೇರಿವೆ. ಇವುಗಳಲ್ಲಿ ‘ಕೆರ’ ಅಚ್ಚ ದ್ರಾವಿಡ ಪದ. ತಮಿಳಿನ ‘ಚೆರುಪ್ಪು’, ತೆಲುಗಿನ ‘ಚೆಪ್ಪು’ ಇದರ ಜ್ಞಾತಿಪದಗಳು. ನಮ್ಮ ‘ಕಿವಿ’ ತಮಿಳಿನಲ್ಲಿ ‘ಚೆವಿ’ಯಾಗಿರುವಂತೆ ಇಲ್ಲಿಯೂ ಕನ್ನಡವು ಪದಾದಿಯ ಕಕಾರವನ್ನು ಉಳಿಸಿಕೊಂಡಿದೆ. ಈ ಭಾಷೆಗಳು ಒಂದರಿಂದೊಂದು ಬೇರ್ಪಡುವ ಮೊದಲೇ ದಕ್ಷಿಣದ ಜನ ಪಾದರಕ್ಷೆಯನ್ನು ಅರಿತಿದ್ದರೆಂದು ಇದರಿಂದ ಊಹಿಸಬಹುದು. ‘ಹಾವುಗೆ’ಯು ಸಂಸ್ಕೃತದ ‘ಪಾದುಕಾ’ ಶಬ್ದದ ತದ್ಭವ, ಹಳಗನ್ನಡದಲ್ಲಿ ‘ಪಾವುಗೆ’. ಚರ್ಮದಿಂದ ಮಾಡಿದ ಹಾವುಗೆಯೇ ಚಮ್ಮಾವುಗೆ.

ಈ ಹೆಸರುಗಳಲ್ಲೆಲ್ಲ ‘ಪಾದರಕ್ಷೆ’ ಎಂಬುದು ಮಾತ್ರ ಒಂದು ಭರವಸೆಯನ್ನು ಕೊಡುತ್ತದೆ. ತೊಟ್ಟವರ ಪಾದವನ್ನು ತಾನು ರಕ್ಷಿಸುತ್ತೇನೆ ಎಂಬುದೇ ಆ ಭರವಸೆ. ಚರಿತ್ರೆಯುದ್ದಕ್ಕೂ ಅದು ಈ ಮಾತನ್ನು ಉಳಿಸಿಕೊಂಡಿದೆಯೇ? ಯಾರ ಪಾದವನ್ನು, ಯಾವುದರಿಂದ ರಕ್ಷಿಸಿತು? ರಕ್ಷಿಸಬೇಕಾದುದೇ ಪಾದವನ್ನು ಕೆಡಿಸಿದ ಸಂದರ್ಭಗಳುಂಟೆ? ಬರಿಗಾಲನ್ನು ವ್ರತವೆಂದು ಗೌರವಿಸುವ ಪರಂಪರೆಯಲ್ಲಿ ಬೆಳೆದವರಿಗೆ ಈ ಪ್ರಶ್ನೆಗಳು ವೈದ್ಯಶಾಸ್ತ್ರಕ್ಕೆ ಮಾತ್ರ ಸೇರಿದವಲ್ಲ.

ವೈದ್ಯರ ಮಾತು

ಚರಕಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯವು ಆರೋಗ್ಯವಂತನ ದಿನಚರಿಯನ್ನು ವಿವರಿಸುತ್ತದೆ. ಪಾದರಕ್ಷೆಯನ್ನು ಧರಿಸುವುದು ಕಣ್ಣಿಗೆ ಹಿತ, ಅಂಗಾಲಿನ ಚರ್ಮಕ್ಕೆ ಹಿತ, ಪಾದಗಳಿಗೆ ಒದಗುವ ಕೇಡನ್ನು ಕಳೆಯುವಂಥದು, ಬಲವನ್ನು ಕೊಡುವಂಥದು ಎಂಬ ಅಭಿಪ್ರಾಯ ಅಲ್ಲಿದೆ. ಅದೇ ಅಧ್ಯಾಯವು ಪಾದಗಳಿಗೆ ಎಣ್ಣೆ ತಿಕ್ಕುವುದರಿಂದ ಒರಟುತನ, ಬಿಗಿತ, ದಣಿವು, ಜೋಮು ಇವು ಕಳೆಯುತ್ತವೆ ಎನ್ನುತ್ತದೆ. ಸುಶ್ರುತಸಂಹಿತೆಯ ನಿಲುವು ಇನ್ನೂ ಖಚಿತವಾದುದು. ಪಾದರಕ್ಷೆಯಿಲ್ಲದೆ ನಡೆಯುವುದರಿಂದ ಆರೋಗ್ಯ, ಆಯುಸ್ಸು, ದೃಷ್ಟಿ ಮೂರಕ್ಕೂ ಹಾನಿಯೆಂದು ಅದು ಎಚ್ಚರಿಸುತ್ತದೆ.

ಸುಶ್ರುತನು ಕ್ಷುದ್ರರೋಗಗಳ ಪ್ರಕರಣದಲ್ಲಿ ಪಾದಕ್ಕೆ ಸಂಬಂಧಿಸಿದ ಮೂರು ಬೇನೆಗಳನ್ನು ಹೇಳುತ್ತಾನೆ. ಬಹಳ ನಡೆಯುವವರ ಒಣಗಿದ ಕಾಲು ಬಿರಿಯುವುದು ‘ಪಾದದಾರೀ’. ಇದನ್ನೇ ನಾವು ಹಿಮ್ಮಡಿಯ ಒಡಕು ಎನ್ನುತ್ತೇವೆ. ಹರಳು ಒತ್ತಿ, ಮುಳ್ಳು ಚುಚ್ಚಿ ಗಂಟುಕಟ್ಟುವುದು ‘ಕದರ’. ಇದು ನಮ್ಮ ಆಣಿ. ಕೆಟ್ಟ ಕೆಸರು ತಗುಲಿ ಬೆರಳುಗಳ ಸಂದಿನಲ್ಲಿ ತುರಿಕೆ, ಉರಿ ಕಾಣಿಸಿಕೊಳ್ಳುವುದು ‘ಅಲಸ’; ಗದ್ದೆಯಲ್ಲಿ ನಾಟಿ ಮಾಡುವವರು ಇದನ್ನು ಕೆಸರುಹುಣ್ಣು ಎಂದು ಬಲ್ಲರು. ಮೂರು ಬೇನೆಗಳೂ ದಾರಿಯಲ್ಲಿ ನಡೆಯುವವನವು, ಹೊಲಗದ್ದೆಗಳಲ್ಲಿ ದುಡಿಯುವವನವು. ಆದರೆ ಪಾದರಕ್ಷೆ ತೊಡಿರೆಂಬ ದಿನಚರಿಯನ್ನು ಅನುಸರಿಸುವ ಅನುಕೂಲ ಇಂಥವರಲ್ಲಿ ಎಷ್ಟು ಮಂದಿಗೆ ಇದ್ದೀತು?

ಇಬ್ಬರು ಸುಕುಮಾರರು

ಶ್ರಮಣ ಪರಂಪರೆಗಳು ಪಾದರಕ್ಷೆಯ ವಿಷಯವನ್ನು ಬೇರೊಂದು ನೆಲೆಯಿಂದ ನೋಡಿದವು. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಚರ್ಮದ ವಸ್ತುಗಳಿಗೇ ಮೀಸಲಾದ ಒಂದು ಖಂಧಕವಿದೆ. ಅದರ ಆರಂಭದಲ್ಲಿ ಬರುವವನು ಸೋಣ ಕೋಳಿವಿಸ ಎಂಬ ಸಿರಿವಂತರ ಮನೆಯ ಮಗ. ಅಂಗಾಲಿನಲ್ಲಿ ರೋಮ ಬೆಳೆದಿತ್ತು ಎನ್ನುವಷ್ಟು ಮೃದುವಾದ ಪಾದ ಅವನದು. ಭಿಕ್ಷುವಾದ ಮೇಲೆ ಅವನು ಚಂಕ್ರಮಣದಲ್ಲಿ ಹಟದಿಂದ ನಡೆದು ನಡೆದು, ಕಾಲು ಒಡೆದು, ನಡೆಯುವ ದಾರಿಯೇ ರಕ್ತಮಯವಾಯಿತು. ಬುದ್ಧನು ಅವನಿಗೆ ಒಂದೇ ಪದರದ ಪಾದರಕ್ಷೆಯನ್ನು ಅನುಮತಿಸಿದನು. ತನಗೊಬ್ಬನಿಗೆ ಆ ಸೌಲಭ್ಯ ಬೇಡ, ಸಂಘಕ್ಕೆಲ್ಲ ದೊರೆತರೆ ಮಾತ್ರ ಸ್ವೀಕರಿಸುತ್ತೇನೆ ಎಂದು ಸೋಣನು ಹೇಳಿದ್ದರಿಂದ ಅದು ಎಲ್ಲ ಭಿಕ್ಷುಗಳಿಗೂ ದೊರೆಯಿತು.

ಅದೇ ಖಂಧಕದ ಕೊನೆಯ ಭಾಗದಲ್ಲಿ ಅವಂತಿಯ ಮಾತು ಬರುತ್ತದೆ. ಅಲ್ಲಿಯ ನೆಲ ಕಪ್ಪು, ಗಡುಸು, ದನಗಳ ಗೊರಸು ತುಳಿದು ಒರಟಾದುದು. ಆದ್ದರಿಂದ ಅಂಥ ಸೀಮೆಗಳಲ್ಲಿ ಹಲವು ಪದರದ ಪಾದರಕ್ಷೆಗೆ ಅನುಮತಿ ದೊರೆಯುತ್ತದೆ. ಬೇಸಿಗೆಯಲ್ಲಿ ಎರೆಭೂಮಿ ಬಿರುಕುಬಿಟ್ಟು, ಗೊರಸಿನ ಗುರುತುಗಳು ಕಲ್ಲಿನಂತೆ ಒಣಗಿ ನಿಲ್ಲುವುದನ್ನು ವಿಜಯಪುರ, ಧಾರವಾಡ, ಕಲಬುರಗಿಗಳ ಕಡೆಯವರು ಕಂಡಿದ್ದಾರೆ. ಅವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ನೆಲಕ್ಕೆ ತಕ್ಕಂತೆ ಕೆರ ಎಂಬ ವಿವೇಕ ಅಷ್ಟು ಹಳೆಯದು.

ಜೈನ ಶ್ರಮಣರ ನಿಯಮ ಇದಕ್ಕಿಂತ ಕಠಿನವಾದುದು. ದಶವೈಕಾಲಿಕ ಸೂತ್ರದ 3ನೆಯ ಅಧ್ಯಯನವು ಮುನಿಗೆ ಸಲ್ಲದವುಗಳ ಪಟ್ಟಿಯಲ್ಲಿ ಕೊಡೆ, ಚಿಕಿತ್ಸೆಗಳೊಡನೆ ಪಾದರಕ್ಷೆಯನ್ನೂ ಹೇಳುತ್ತದೆ. ದಿಗಂಬರ ಮುನಿಗಳ ಬರಿಗಾಲ ವಿಹಾರವನ್ನು ಇಂದಿಗೂ ನಮ್ಮ ಹೆದ್ದಾರಿಗಳಲ್ಲಿ ಕಾಣುತ್ತೇವೆ. ಇದನ್ನು ದೇಹದಂಡನೆ ಎಂದಷ್ಟೇ ಬಗೆದರೆ ಅರ್ಥ ಕುಂದುತ್ತದೆ. ಈರ್ಯಾಸಮಿತಿಯ ಪ್ರಕಾರ ಮುನಿಯು ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಯಾವ ಜೀವಿಯೂ ಕಾಲಡಿಗೆ ಸಿಲುಕದಂತೆ ಹೆಜ್ಜೆಯಿಡಬೇಕು. ಬರಿಗಾಲು ನೆಲವನ್ನು ಅರಿಯುತ್ತದೆ, ಅರಿತು ತಡೆಯುತ್ತದೆ. ಗಟ್ಟಿಯಾದ ಅಟ್ಟೆಗೆ ಆ ಅರಿವಿಲ್ಲ. ಅಂದರೆ ಇಲ್ಲಿ ರಕ್ಷೆಯ ದಿಕ್ಕೇ ಬದಲಾಗಿದೆ. ವೈದ್ಯನು ನೆಲದಿಂದ ಪಾದವನ್ನು ಕಾಯಲು ಹೇಳಿದರೆ, ಮುನಿಧರ್ಮವು ಪಾದದಿಂದ ನೆಲದ ಜೀವಗಳನ್ನು ಕಾಯಲು ಹೇಳಿತು.

ಕನ್ನಡಿಗರಿಗೆ ಈ ಆದರ್ಶದ ಮರೆಯಲಾಗದ ರೂಪ ದೊರೆತದ್ದು ವಡ್ಡಾರಾಧನೆಯ ಮೊದಲ ಕಥೆಯಲ್ಲಿ. ಸುಕುಮಾರಸ್ವಾಮಿಯೂ ಅವಂತಿಯವನೇ, ಉಜ್ಜಯಿನಿಯವನೇ. ಆಸನದ ಮೇಲೆ ಬಿದ್ದ ಸಾಸಿವೆ ಕಾಳೂ ಒತ್ತುವಷ್ಟು ಕೋಮಲವಾದ ಶರೀರ ಅವನದು. ಹಿಂದಿನ ಭವದಲ್ಲಿ ವಾಯುಭೂತಿಯಾಗಿದ್ದಾಗ ಅತ್ತಿಗೆಯನ್ನು ಕಾಲಿನಿಂದ ಒದ್ದಿದ್ದನು. ಆ ಕಾಲನ್ನೇ ತಿನ್ನುವೆನೆಂದು ಅವಳು ನಿದಾನಗೈದಿದ್ದಳು. ದೀಕ್ಷೆ ಪಡೆದು ಬರಿಗಾಲಲ್ಲಿ ಮಸಣದತ್ತ ನಡೆದ ಆ ಎಳೆಯ ಪಾದಗಳು ಒಡೆದು ನೆತ್ತರು ಒಸರುತ್ತದೆ, ನರಿಯಾಗಿ ಹುಟ್ಟಿದ್ದ ಅವಳು ಆ ಜಾಡು ಹಿಡಿದು ಮರಿಗಳೊಡನೆ ಬರುತ್ತಾಳೆ ಎಂಬುದು ಈ ಕಥೆಯ ಪರಂಪರೆ. ಸುಕುಮಾರಸ್ವಾಮಿ ಅಲುಗದೆ ಉಪಸರ್ಗವನ್ನು ಸಹಿಸಿ ಸಮಾಧಿಯನ್ನು ಸಾಧಿಸುತ್ತಾನೆ.

ಸೋಣ ಮತ್ತು ಸುಕುಮಾರ ಇಬ್ಬರೂ ಶ್ರೀಮಂತರ ಮಕ್ಕಳು, ಇಬ್ಬರ ಪಾದವೂ ನೆಲವನ್ನು ಕಾಣದುದು, ಇಬ್ಬರ ಕಾಲಿನಿಂದಲೂ ನೆತ್ತರು ಸುರಿಯಿತು. ಒಂದು ಪರಂಪರೆ ಕೆರವನ್ನು ಕೊಟ್ಟು ಕಾಲನ್ನು ಉಳಿಸಿತು. ಇನ್ನೊಂದು ಕಾಲನ್ನು ಬಿಟ್ಟುಕೊಟ್ಟು ಸಮತೆಯನ್ನು ಉಳಿಸಿತು. ಇವೆರಡರಲ್ಲಿ ಮೇಲುಕೀಳನ್ನು ಎಣಿಸುವುದು ನನ್ನ ಉದ್ದೇಶವಲ್ಲ. ಅಭ್ಯಾಸವಿಲ್ಲದ ಪಾದ ಒಮ್ಮೆಲೇ ನೆಲಕ್ಕಿಳಿದರೆ ಏನಾಗುತ್ತದೆಂಬುದನ್ನು ಎರಡೂ ಕಥೆಗಳು ಬಲ್ಲವು ಎಂಬುದು ಗಮನಾರ್ಹ. ಸುಕುಮಾರನದು ಅರಿತು ಆರಿಸಿಕೊಂಡ ವ್ರತ ಎಂಬುದು ಅದಕ್ಕಿಂತ ಮುಖ್ಯ. ಆರಿಸಿಕೊಳ್ಳದೆ ಬಂದ ಬರಿಗಾಲಿನ ಕಥೆ ಬೇರೆ.

ಬರಿಗಾಲ ನಾಡು

ಉತ್ತರ ಭಾರತದ ಸೂರ್ಯವಿಗ್ರಹಗಳಲ್ಲಿ ದೇವರು ಮೊಣಕಾಲವರೆಗೆ ಪಾದರಕ್ಷೆ ತೊಟ್ಟಿರುತ್ತಾನೆ. ಈ ಉದೀಚ್ಯವೇಷವನ್ನು ವರಾಹಮಿಹಿರನ ಬೃಹತ್ಸಂಹಿತೆ ಹೇಳುತ್ತದೆ. ದಕ್ಷಿಣಕ್ಕೆ ಬಂದ ಸೂರ್ಯನು ಬರಿಗಾಲಲ್ಲಿ ನಿಲ್ಲುತ್ತಾನೆ. ನಮ್ಮ ನಾಡಿನ ಸೆಕೆ, ಮಳೆ, ಕೆಸರುಗಳಲ್ಲಿ ಮುಚ್ಚಿದ ಪಾದರಕ್ಷೆ ಸಹಜವಲ್ಲವೆಂಬುದನ್ನು ಶಿಲ್ಪಿಗಳೂ ಅರಿತಿದ್ದರೇನೋ.

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್‌, ಅಲ್ಲಿ ಹೆಚ್ಚುಕಡಿಮೆ ಎಲ್ಲರೂ ಬರಿಗಾಲಲ್ಲಿ ನಡೆಯುತ್ತಾರೆಂದು ಬರೆದಿದ್ದಾನೆ. ತೊಡುವವರಲ್ಲಿ ಎರಡು ಬಗೆ: ತುದಿ ಚೂಪಾದ ಜೋಡುಗಳು ಒಂದು, ಅಟ್ಟೆ ಮಾತ್ರವಿದ್ದು ಮೇಲೆ ಪಟ್ಟಿಗಳಿಂದ ಬಿಗಿಯುವ, ಪ್ರಾಚೀನ ರೋಮನರದನ್ನು ಹೋಲುವ ಮೆಟ್ಟುಗಳು ಇನ್ನೊಂದು. ರತ್ನಗಳನ್ನು ಬೀದಿಯಲ್ಲಿ ಮಾರುತ್ತಿದ್ದ ಸಾಮ್ರಾಜ್ಯದ ರಾಜಧಾನಿಯಲ್ಲಿಯೂ ಬಹುಜನರ ಪಾದ ಬರಿದಾಗಿತ್ತು.

ಇದಕ್ಕೆ ಹವೆಯೊಂದೇ ಕಾರಣವಲ್ಲ. ಕೆರ ಮಾಡುವವನು ಸಮಾಜದ ಅಂಚಿನಲ್ಲಿದ್ದನು. ಅನೇಕ ಊರುಗಳಲ್ಲಿ ಅವನೇ ಅದನ್ನು ಮೆಟ್ಟಿ ಮೇಲ್ಜಾತಿಯವರ ಬೀದಿಯಲ್ಲಿ ನಡೆಯುವಂತಿರಲಿಲ್ಲ. ಕೆರವನ್ನು ಕೈಯಲ್ಲಿ ಹಿಡಿದು ದಾಟಬೇಕೆಂಬ ಕಟ್ಟಳೆ 20ನೆಯ ಶತಮಾನದವರೆಗೂ ಹಲವೆಡೆ ಉಳಿದಿತ್ತು. ಶರಣ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದರೆಂಬ ಐತಿಹ್ಯವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ನಮ್ಮ ಸಮಾಜ ಪಾದದ ಆರೋಗ್ಯವನ್ನೂ ಅಂತಸ್ತಿಗೆ ತಕ್ಕಂತೆ ಹಂಚಿತ್ತು.

ಆ ಹಂಚಿಕೆಯ ಬೆಲೆಯನ್ನು ದಾಖಲಿಸಿದ್ದು 19ನೆಯ ಶತಮಾನದ ವೈದ್ಯರು. 1842ರಲ್ಲಿ ಮಧುರೆಯಲ್ಲಿ ಜಾನ್ ಗಿಲ್ ಎಂಬ ವೈದ್ಯ, ಪಾದ ಊದಿ, ತೂತುಗಳಾಗಿ, ಕಾಳಿನಂಥ ಕಣಗಳು ಹೊರಬರುವ ಒಂದು ರೋಗವನ್ನು ವಿವರಿಸಿದನು. ‘ಮಧುರಾ ಪಾದ’ವೆಂದು ಹೆಸರಾದ ಈ ರೋಗದ ಜೀವಾಣು ಮಣ್ಣಿನಲ್ಲಿರುತ್ತದೆ, ಮುಳ್ಳು ಚುಚ್ಚಿದ ಗಾಯದಿಂದ ಒಳಹೊಗುತ್ತದೆ, ರೋಗಿಗಳು ಬಹುಪಾಲು ಬರಿಗಾಲ ಕೃಷಿಕರು. ಕೊಕ್ಕೆಹುಳುವಿನ ಮರಿಗಳು ಚರ್ಮದ ಮೂಲಕ ದೇಹವನ್ನು ಸೇರುತ್ತವೆಂಬುದನ್ನು ಆರ್ಥರ್ ಲೂಸ್ ಎಂಬ ವಿಜ್ಞಾನಿ 1898ರ ವೇಳೆಗೆ ಕೈರೋದಲ್ಲಿ ಕಂಡುಕೊಂಡನು. ಮಲ ಬೆರೆತ ತೇವದ ಮಣ್ಣನ್ನು ಬರಿಗಾಲು ತುಳಿದರೆ ಸಾಕು. ಹುಳು ಕರುಳನ್ನು ಸೇರಿ ರಕ್ತ ಹೀರುತ್ತದೆ. ‘ಸೋಮಾರಿ’ಗಳೆಂದು ಬೈಸಿಕೊಂಡ ಎಷ್ಟೋ ತೋಟದ ಕೂಲಿಗಳು ವಾಸ್ತವದಲ್ಲಿ ರಕ್ತಹೀನರು. ಇದಕ್ಕೆ ಶೌಚಾಲಯವೂ ಒಂದು ಜೊತೆ ಮೆಟ್ಟೂ ಸಾಕಾಗಿದ್ದುವು. 14ನೆಯ ಶತಮಾನದ ಜೈನಕವಿ ಮಂಗರಾಜನು ವಿಷವೈದ್ಯಕ್ಕೇ ಖಗೇಂದ್ರಮಣಿದರ್ಪಣವೆಂಬ ಗ್ರಂಥವನ್ನು ಬರೆದನು. ಹಾವು ಕಚ್ಚುವುದು ಬಹುವಾಗಿ ಕಾಲಿಗೇ ಎಂಬುದನ್ನು ನೆನೆದರೆ ಆ ಶಾಸ್ತ್ರದ ಅಗತ್ಯ ಯಾರಿಗಿತ್ತೆಂಬುದು ಹೊಳೆಯುತ್ತದೆ.

ಮುಚ್ಚಿದ ಪಾದದ ಬೇನೆ

ಹಾಗಾದರೆ ಮುಚ್ಚಿದ ಪಾದವೆಲ್ಲ ಆರೋಗ್ಯದ ಪಾದವೆ? ಯೂರೋಪಿನ ಚರಿತ್ರೆ ಇಲ್ಲವೆನ್ನುತ್ತದೆ. 14ನೆಯ ಶತಮಾನದಲ್ಲಿ ಅಲ್ಲಿ ತುದಿ ಬಹಳ ಚೂಪಾದ, ಉದ್ದ ಮೂತಿಯ ಜೋಡುಗಳು ಸಿರಿವಂತಿಕೆಯ ಗುರುತಾದವು. ಇಂಗ್ಲೆಂಡಿನ ಕೇಂಬ್ರಿಡ್ಜ್ ಊರಿನ ಮಧ್ಯಯುಗದ ಸಮಾಧಿಗಳ ಅಸ್ಥಿಪಂಜರಗಳನ್ನು ಪರೀಕ್ಷಿಸಿದ ಸಂಶೋಧಕರು 2021ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. 11ರಿಂದ 13ನೆಯ ಶತಮಾನದವರಲ್ಲಿ ಶೇ. 6ರಷ್ಟು ಜನರಿಗೆ ಹೆಬ್ಬೆರಳು ಪಕ್ಕದ ಬೆರಳುಗಳತ್ತ ಬಾಗಿ ಬುಡದ ಕೀಲು ಉಬ್ಬುವ ವಿಕಾರವಿದ್ದರೆ, 14–15ನೆಯ ಶತಮಾನದವರಲ್ಲಿ ಅದು ಶೇ. 27ಕ್ಕೆ ಏರಿತ್ತು. ಡೊಂಕಾದ ಹೆಬ್ಬೆರಳು ನಡಿಗೆಯ ಸಮತೋಲವನ್ನು ಕೆಡಿಸುತ್ತದೆ. ಆ ವಿಕಾರವಿದ್ದವರಲ್ಲಿ ಬಿದ್ದು ಮೂಳೆ ಮುರಿದ ಗುರುತುಗಳೂ ಹೆಚ್ಚಾಗಿದ್ದವು. 1781ರಲ್ಲಿಯೇ ಡಚ್ ಅಂಗರಚನಾಶಾಸ್ತ್ರಜ್ಞ ಪೀಟರ್ ಕ್ಯಾಂಪರ್ ಪಾದರಕ್ಷೆಯ ಉತ್ತಮ ಆಕಾರ ಯಾವುದೆಂಬುದರ ಮೇಲೆ ಒಂದು ಪ್ರಬಂಧವನ್ನು ಬರೆದನು.

ಈ ಚರ್ಚೆಗೆ ಜಗತ್ತು ಇಂದಿಗೂ ಉಲ್ಲೇಖಿಸುವ ಒಂದು ಸಾಕ್ಷ್ಯ ನಮ್ಮ ಕರಾವಳಿಯಿಂದಲೇ ಹೋಯಿತೆಂಬುದು ಅನೇಕ ಕನ್ನಡಿಗರಿಗೆ ತಿಳಿದಂತಿಲ್ಲ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಉದಯಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಯಚ್ಚುಗಳನ್ನು ತೆಗೆದು ಪರಿಶೀಲಿಸಿ 1992ರಲ್ಲಿ ಪ್ರಕಟಿಸಿದರು. ಅಂಗಾಲಿನ ಕಮಾನು ಏಳದೆ ಉಳಿಯುವ ಚಪ್ಪಟೆ ಪಾದವು ಪಾದರಕ್ಷೆ ತೊಡುವ ಮಕ್ಕಳಲ್ಲಿ ಶೇ. 8.6, ಬರಿಗಾಲ ಮಕ್ಕಳಲ್ಲಿ ಶೇ. 2.8ರಷ್ಟಿತ್ತು. ಬೆರಳು ಮುಚ್ಚುವ ಶೂ ತೊಡುವವರಲ್ಲಿ ಅದು ಹೆಚ್ಚು. ಸ್ಯಾಂಡಲ್, ಚಪ್ಪಲಿ ತೊಡುವವರಲ್ಲಿ ಕಡಿಮೆ. 1995ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಜೋಸೆಫ್ ಮತ್ತು ಸಹೋದ್ಯೋಗಿ 1846 ವಯಸ್ಕರನ್ನು ಪರಿಶೀಲಿಸಿದರು. 16 ವರ್ಷದ ನಂತರ ಶೂ ತೊಡಲಾರಂಭಿಸಿದವರಲ್ಲಿ ಚಪ್ಪಟೆ ಪಾದ ಶೇ. 1.75; ಅದಕ್ಕೆ ಮೊದಲೇ ತೊಟ್ಟವರಲ್ಲಿ ಶೇ. 3ಕ್ಕೂ ಮಿಕ್ಕು. ಅಂಗಾಲಿನ ಕಿರುಸ್ನಾಯುಗಳು ನೆಲವನ್ನು ಹಿಡಿದು, ಒತ್ತಿ, ಬೆರಳರಳಿಸಿ ದುಡಿದಾಗ ಕಮಾನು ಬಲಗೊಳ್ಳುತ್ತದೆ. ಗಟ್ಟಿ ಶೂ ಆ ದುಡಿಮೆಯನ್ನು ಕಸಿಯುತ್ತದೆ ಎಂಬುದು ಇದರ ತಾತ್ಪರ್ಯ. ಚಪ್ಪಟೆ ಪಾದವಿದ್ದವರೆಲ್ಲ ನೋವುಣ್ಣುತ್ತಾರೆಂದು ಇದರ ಅರ್ಥವಲ್ಲ. ಎಳೆಯ ಕಾಲಿಗೆ ನೆಲದ ಒಡನಾಟ ಬೇಕೆಂಬುದಷ್ಟೇ ಅರ್ಥ.

ಸರ್ಕಾರಿ ಶಾಲೆಯ ಮಕ್ಕಳಿಗೆ ಶೂ, ಕಾಲುಚೀಲ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿದೆ. ಬರಿಗಾಲು ಬಡತನದ ಗುರುತಾಗಿದ್ದ ನಾಡಿನಲ್ಲಿ ಅದು ಘನತೆಯ ಕೊಡುಗೆಯೇ ಸರಿ. ಆದರೆ ಆರು ವರ್ಷದ ಮಗುವಿನ ಪಾದ ಶಾಲಾವರ್ಷದ ನಡುವೆಯೇ ಬೆಳೆಯುತ್ತದೆ. ಬಿಗಿಯಾದ ಶೂ, ಮಳೆಗಾಲದ ಒದ್ದೆ ಕಾಲುಚೀಲ ಇವು ಕೊಡುಗೆಯನ್ನು ಕೇಡಾಗಿಸಬಲ್ಲವು. ಮಲೆನಾಡಿನ ಮಗುವಿಗೂ ಎರೆಸೀಮೆಯ ಮಗುವಿಗೂ ಒಂದೇ ಮೆಟ್ಟು ಸಲ್ಲದೆಂಬುದನ್ನು ಅವಂತಿಯ ಭಿಕ್ಷುಗಳ ಪ್ರಸಂಗ ಆಗಲೇ ಹೇಳಿದೆ.

ಅರಿವಿಲ್ಲದ ಪಾದ

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1940ರ ದಶಕದ ಕೊನೆಯಿಂದ ಕುಷ್ಠರೋಗಿಗಳ ಶುಶ್ರೂಷೆಗೆ ತೊಡಗಿದ ಪಾಲ್ ಬ್ರ್ಯಾಂಡ್ ಅವರ ಕೆಲಸ ಪಾದದ ಚರಿತ್ರೆಯಲ್ಲಿ ದೊಡ್ಡ ತಿರುವು. ಕುಷ್ಠವೇ ಕಾಲನ್ನು ಕೊಳೆಯಿಸುತ್ತದೆಂದು ಜನ ನಂಬಿದ್ದರು. ರೋಗವು ನೋವಿನ ಅರಿವನ್ನು ಕಳೆಯುತ್ತದೆ. ಅರಿವಿಲ್ಲದ ಕಾಲು ಮೊಳೆಯನ್ನೂ ಕೆಂಡವನ್ನೂ ಬಿಗಿಯಾದ ಪಟ್ಟಿಯನ್ನೂ ಲೆಕ್ಕಿಸದೆ ನಡೆಯುತ್ತದೆ. ಹುಣ್ಣಿಗೆ ಅದೇ ಕಾರಣ ಎಂಬುದನ್ನು ಅವರು ತೋರಿಸಿಕೊಟ್ಟರು. ಅಂಥವರಿಗಾಗಿ ಮೃದುವಾದ ಮೈಕ್ರೋಸೆಲ್ಯುಲರ್ ರಬ್ಬರಿನ ಪಾದರಕ್ಷೆಗಳು ರೂಪುಗೊಂಡವು. ಇಂದು ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಸೂಚಿಸುವ ‘ಎಂ.ಸಿ.ಆರ್. ಚಪ್ಪಲಿ’ ಅದೇ. ನೋವು ಶತ್ರುವಲ್ಲ, ಕಾವಲುಗಾರ ಎಂಬುದು ಬ್ರ್ಯಾಂಡ್ ಅವರ ಬಾಳಿನ ಸಾರ.

ಜೈಪುರದಲ್ಲಿ 1960ರ ದಶಕದ ಕೊನೆಯಲ್ಲಿ ಶಸ್ತ್ರವೈದ್ಯ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ರೂಪಿಸಿದ ಕೃತಕ ಪಾದವನ್ನೂ ಇಲ್ಲಿ ನೆನೆಯಬೇಕು. ಪಾಶ್ಚಾತ್ಯ ಕೃತಕ ಪಾದವನ್ನು ಶೂವಿನೊಳಗೆ ಇಡಲೆಂದೇ ಮಾಡಿದ್ದರು. ಅದನ್ನು ತೊಟ್ಟು ನಮ್ಮ ರೈತನು ಗದ್ದೆಗೆ ಇಳಿಯಲಾರ, ಕುಕ್ಕರುಗಾಲಲ್ಲಿ ಕೂರಲಾರ, ಬಸದಿಯೊಳಗೆ ಹೋಗಲಾರ. ಜೈಪುರದ ಪಾದ ಬರಿಗಾಲಿನ ಆಕಾರದ್ದು, ಬಾಗುವಂಥದು. ಅದನ್ನು ಉಚಿತವಾಗಿ ತೊಡಿಸಲು ಡಿ.ಆರ್. ಮೆಹತಾ ಅವರು 1975ರಲ್ಲಿ ಸ್ಥಾಪಿಸಿದ ಸಂಸ್ಥೆಗೆ ಭಗವಾನ್ ಮಹಾವೀರರ ಹೆಸರಿದೆ. ಬರಿಗಾಲಲ್ಲಿ ನಡೆದ ತೀರ್ಥಂಕರನ ಹೆಸರಿನಲ್ಲಿ ಕಾಲಿಲ್ಲದವರಿಗೆ ಕಾಲು ದೊರೆತದ್ದು ಅರ್ಥಪೂರ್ಣ.

ಶ್ರಾವಕನ ಕಾಲು, ಮುನಿಯ ಕಾಲು

ಅಥಣಿ, ನಿಪ್ಪಾಣಿಗಳ ಸುತ್ತ ಮಾಡುವ ಕೊಲ್ಹಾಪುರಿ ಚಪ್ಪಲಿ ನಮ್ಮ ನೆಲಕ್ಕೆ ಒಗ್ಗಿದ ಮೆಟ್ಟಿಗೆ ಒಳ್ಳೆಯ ಉದಾಹರಣೆ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ತೊಗಲು, ಮೊಳೆಯಿಲ್ಲದ ಹೊಲಿಗೆ, ಬೆರಳುಗಳಿಗೆ ಬಯಲು. ಕೆಲವು ದಿನ ಎಣ್ಣೆ ಉಣಿಸಿ ತೊಟ್ಟರೆ ತೊಟ್ಟವರ ಪಾದದ ಆಕಾರಕ್ಕೇ ಕೂರುತ್ತದೆ. ಅಹಿಂಸಾವ್ರತದ ದೃಷ್ಟಿಯಿಂದ ತೊಗಲನ್ನು ಬಿಟ್ಟ ಶ್ರಾವಕರು ಬಟ್ಟೆ, ರಬ್ಬರುಗಳಲ್ಲಿಯೂ ಇದೇ ಗುಣಗಳನ್ನು ಹುಡುಕಬಹುದು. ಬೆರಳುಗಳು ಹರಡಿಕೊಳ್ಳಲು ಅಗಲ, ತುದಿಯಲ್ಲಿ ಹೆಬ್ಬೆರಳಗಲದಷ್ಟು ಬಿಡುವು, ತಗ್ಗಾದ ಹಿಮ್ಮಡಿ, ಬಾಗುವ ಅಟ್ಟೆ ಇಷ್ಟಿದ್ದರೆ ಸಾಕು. ಸಂಜೆಯ ಹೊತ್ತಿಗೆ ಪಾದ ತುಸು ಊದುವುದರಿಂದ ಆಗಲೇ ಅಳತೆ ನೋಡಿ ಕೊಳ್ಳುವುದು ಜಾಣತನ.

ಆದರೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತುವವರಲ್ಲಿ ಹಿರಿಯರು ಅನೇಕರು. ಅವರಲ್ಲಿ ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಅರಿವು ಕುಂದಿದವರೂ ಇರುತ್ತಾರೆ. ಬೇಸಿಗೆಯ ಮಧ್ಯಾಹ್ನ ಕಾದ ಬಂಡೆ ಅವರ ಕಾಲನ್ನು ಸುಡುವುದು ಅವರಿಗೇ ತಿಳಿಯದು. ಮನೆಗೆ ಮರಳಿದ ಮೇಲೆ ಬೊಬ್ಬೆ ಕಾಣುತ್ತದೆ, ಬೊಬ್ಬೆ ಹುಣ್ಣಾಗುತ್ತದೆ, ಹುಣ್ಣು ಕೆಲವೊಮ್ಮೆ ಕಾಲನ್ನೇ ಕತ್ತರಿಸುವಲ್ಲಿಗೆ ಮುಟ್ಟುತ್ತದೆ. ಇಂಥವರು ಬೆಳಗಿನ ತಂಪಿನಲ್ಲಿ ದಪ್ಪ ಕಾಲುಚೀಲ ತೊಟ್ಟು ಹತ್ತಲಿ, ಇಲ್ಲವೇ ಡೋಲಿಯಲ್ಲಿ ಹೋಗಲಿ, ಅದೂ ಆಗದಿದ್ದರೆ ಕೆಳಗಿನಿಂದಲೇ ಕೈಮುಗಿಯಲಿ. ಮನೆಯೊಳಗೂ ಮೆತ್ತನೆಯ, ಹಿಂಬದಿ ಪಟ್ಟಿಯಿರುವ ಚಪ್ಪಲಿ ತೊಡಲಿ. ಬೆರಳ ಸಂದಿಗೆ ಉಂಗುಟ ಸಿಕ್ಕಿಸುವ ಮೆಟ್ಟು ಬೇಡ. ತೊಡುವ ಮೊದಲು ಒಳಗೆ ಕೈಯಾಡಿಸಿ ಹರಳಿದೆಯೇ ನೋಡಲಿ. ದಿನಕ್ಕೊಮ್ಮೆ ಅಂಗಾಲನ್ನು ಕಣ್ಣಾರೆ ಕಾಣಲಿ.

ಇದರಲ್ಲಿ ಧರ್ಮಲೋಪವೇನೂ ಇಲ್ಲ. ಮಹಾವ್ರತ ಬೇರೆ, ಅಣುವ್ರತ ಬೇರೆ ಎಂದು ಬಗೆದಿಟ್ಟವರು ನಮ್ಮ ಆಚಾರ್ಯರೇ. ಮುನಿಯ ಬರಿಗಾಲು ದೀರ್ಘ ಅಭ್ಯಾಸದಿಂದ ಪಳಗಿದುದು. ನೆಲವನ್ನು ಅರಿಯುವುದೇ ಅದರ ಗುಣ. ನೆಲವನ್ನು ಅರಿಯಲಾರದ ಪಾದ ಈರ್ಯಾಸಮಿತಿಯನ್ನು ಹೇಗೆ ಪಾಲಿಸೀತು? ತನ್ನ ಅಡಿ ಸುಡುವುದನ್ನೇ ತಿಳಿಯದ ಕಾಲಿಗೆ ಅಡಿಯಲ್ಲಿ ಸಿಲುಕಿದ ಇರುವೆ ತಿಳಿಯುವುದೆ? ಎಳೆಯ ಮಗುವಿಗೆ ಶುಚಿಯಾದ ಅಂಗಳದಲ್ಲಿ ಬರಿಗಾಲು, ದುಡಿಯುವವನಿಗೆ ನೆಲಕ್ಕೆ ತಕ್ಕ ಗಟ್ಟಿಮೆಟ್ಟು, ಅರಿವು ಕುಂದಿದ ಹಿರಿಯರಿಗೆ ಮೆತ್ತನೆಯ ಹಾವುಗೆ, ಮುನಿಗೆ ವ್ರತ: ಯಾರ ಪಾದ, ಯಾವ ನೆಲ ಎಂಬುದನ್ನು ನೋಡಿ ನಡೆಯುವುದೇ ಈ ದೀರ್ಘ ಚರಿತ್ರೆ ನಮಗೆ ಕಲಿಸುವ ವಿವೇಕ.